ಕಣ್ಣು ತೆರೆಯದ ಲ್ಯಾಪ್‌ಟಾಪ್

ಒಂದು ತಲೆಮಾರಿನ ಹಿಂದೆ ನಮ್ಮ ಕಡೆಯ ಪ್ರತಿಯೊಂದು ಮನೆಯಲ್ಲಿಯೂ ಒಂದು ತಗಡಿನ ಟ್ರಂಕು ಇರುತ್ತಿತ್ತು. ಹೊಲದ ಉತಾರ, ಸಾಲದ ಪತ್ರ, ಮಕ್ಕಳ ಅಂಕಪಟ್ಟಿ, ಹಿರಿಯರ ಒಂದೆರಡು ಮಾಸಿದ ಭಾವಚಿತ್ರಗಳು ಅದರ ತಳದಲ್ಲಿ ಭದ್ರವಾಗಿರುತ್ತಿದ್ದವು. ಕೀಲಿಕೈ ಕಳೆದುಹೋದರೆ ಕಮ್ಮಾರನನ್ನು ಕರೆಯಿಸಿ ಕೀಲಿ ಒಡೆಸುತ್ತಿದ್ದರೇ ಹೊರತು, ಟ್ರಂಕು ತೆರೆಯದ ಮಾತ್ರಕ್ಕೆ ಒಳಗಿನ ಕಾಗದಗಳೇ ನಾಶವಾದವೆಂದು ಯಾರೂ ಭಾವಿಸುತ್ತಿರಲಿಲ್ಲ. ಇಂದು ಆ ಟ್ರಂಕಿನ ಸ್ಥಾನದಲ್ಲಿ ಲ್ಯಾಪ್‌ಟಾಪ್ ಬಂದು ಕುಳಿತಿದೆ. ಮಗಳ ಸಂಶೋಧನ ಪ್ರಬಂಧ, ಮಗನ ಅಂಗಡಿಯ ಲೆಕ್ಕ, ಮೊಮ್ಮಗನ ತೊಟ್ಟಿಲ ಕಾರ್ಯಕ್ರಮದ ಚಿತ್ರಗಳು, ಅಜ್ಜಿಯ ಕಂಠದಲ್ಲಿ ಮುದ್ರಿಸಿಕೊಂಡ ಬೀಸುವ ಪದಗಳು, ಎಲ್ಲವೂ ಅದರ ಒಡಲನ್ನು ಸೇರಿವೆ. ಒಂದು ಮುಂಜಾನೆ ಗುಂಡಿಯನ್ನು ಒತ್ತಿದರೆ ದೀಪವಿಲ್ಲ, ಸದ್ದಿಲ್ಲ, ಪರದೆಯ ಮೇಲೆ ಅಕ್ಷರವಿಲ್ಲ. ಆಗ ಮನೆಮಂದಿಗೆ ಆಗುವ ದಿಗಿಲು ಕೀಲಿಕೈ ಕಳೆದಾಗಿನ ದಿಗಿಲಿಗಿಂತ ದೊಡ್ಡದು. ಒಳಗಿರುವುದು ಉಳಿದಿದೆಯೋ ಅಳಿದಿದೆಯೋ ಎಂಬುದೇ ತಿಳಿಯದು. ಆ ದಿಗಿಲಿನಲ್ಲಿ ಕೈಗೊಂಡ ನಿರ್ಧಾರಗಳಿಂದಲೇ, ಯಂತ್ರದ ದೋಷದಿಂದ ಆಗದ ಹಾನಿಯು ಅನೇಕ ವೇಳೆ ಆಗಿಬಿಡುತ್ತದೆ.

ವಸ್ತುಸ್ಥಿತಿಯನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಲ್ಯಾಪ್‌ಟಾಪ್ ಹೊತ್ತಿಕೊಳ್ಳದಿರುವುದಕ್ಕೂ ಅದರಲ್ಲಿ ಶೇಖರವಾಗಿರುವ ಬರಹಗಳು ನಾಶವಾಗುವುದಕ್ಕೂ ನೇರವಾದ ಸಂಬಂಧವಿಲ್ಲ. ವಿದ್ಯುತ್ತನ್ನು ಒಳಗೆ ತರುವ ಭಾಗ ಬೇರೆ, ಬಿಂಬವನ್ನು ತೋರಿಸುವ ಪರದೆ ಬೇರೆ, ಬರಹಗಳನ್ನು ಹಿಡಿದಿಟ್ಟುಕೊಳ್ಳುವ ಸಂಗ್ರಹ ಬೇರೆ. ಮೊದಲಿನ ಎರಡು ಕೆಟ್ಟಾಗ ಮೂರನೆಯದು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಈ ವಿವೇಕವಿಲ್ಲದೆ ಅಂಗಡಿಗೆ ಓಡಿದವರು, ಅಲ್ಲಿ ಹೇಳಿದುದಕ್ಕೆಲ್ಲ ತಲೆಯಾಡಿಸಿ ಬರುತ್ತಾರೆ.

ಜೀವ ಹೋಗಿದೆಯೋ, ದೃಷ್ಟಿ ಹೋಗಿದೆಯೋ

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕ ಎಂಬ ಒಂದು ಕ್ರಮವಿದೆ. ಇದು ಇದ್ದಾಗ ಅದು ಇರುತ್ತದೆಯೇ, ಇದು ಇಲ್ಲದಾಗ ಅದು ಇಲ್ಲವಾಗುತ್ತದೆಯೇ ಎಂದು ಒಂದೊಂದನ್ನೇ ಬದಲಿಸಿ ನೋಡುತ್ತ ಕಾರಣವನ್ನು ನಿಶ್ಚಯಿಸುವುದು ಅದರ ರೀತಿ. ಕೆಟ್ಟ ಯಂತ್ರದ ಮುಂದೆ ಕುಳಿತವನಿಗೆ ಇದಕ್ಕಿಂತ ಉತ್ತಮವಾದ ಉಪಕರಣ ಇನ್ನೊಂದಿಲ್ಲ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕೆಂಬುದು ಇದರಲ್ಲಿ ಮುಖ್ಯ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ.

ಪ್ರಥಮತಃ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಯಂತ್ರದ ಜೀವವೇ ಹೋಗಿದೆಯೋ, ಅಥವಾ ಜೀವವಿದ್ದು ದೃಷ್ಟಿ ಮಾತ್ರ ಹೋಗಿದೆಯೋ? ಗುಂಡಿಯನ್ನು ಒತ್ತಿದಾಗ ಎಲ್ಲಿಯಾದರೂ ಸಣ್ಣ ದೀಪ ಬೆಳಗುತ್ತದೆಯೇ ಎಂದು ನೋಡಬೇಕು. ಕೋಣೆಯ ಬೀಸಣಿಗೆಯನ್ನು ನಿಲ್ಲಿಸಿ, ಯಂತ್ರಕ್ಕೆ ಕಿವಿಗೊಟ್ಟು ಒಳಗಿನ ಪುಟ್ಟ ಬೀಸಣಿಗೆಯ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಕೆಲವು ತೆಳು ಯಂತ್ರಗಳಲ್ಲಿ ಬೀಸಣಿಗೆಯೇ ಇರುವುದಿಲ್ಲವಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಕ್ಯಾಪ್ಸ್ ಲಾಕ್ ಎಂಬ ಕೀಲಿಯಲ್ಲಿ ದೀಪವಿದ್ದರೆ ಅದನ್ನು ಒತ್ತಿ ನೋಡಬೇಕು. ಒತ್ತಿದಂತೆಲ್ಲ ದೀಪ ಹತ್ತಿ ಆರುತ್ತಿದ್ದರೆ ಯಂತ್ರವು ನಿಮ್ಮ ಮಾತನ್ನು ಕೇಳುತ್ತಿದೆ, ಉತ್ತರವನ್ನು ತೋರಿಸಲಾರದೆ ಇದೆ ಎಂದು ತಿಳಿಯತಕ್ಕದ್ದು. ಈ ಯಾವ ಲಕ್ಷಣವೂ ಕಾಣದಿದ್ದರೆ ವಿದ್ಯುತ್ತಿನ ಹಾದಿಯನ್ನು ಹಿಡಿದು ಹೊರಡಬೇಕು.

ಆ ಹಾದಿ ಗೋಡೆಯಿಂದ ಆರಂಭವಾಗುತ್ತದೆ. ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪವನ್ನೋ ಇನ್ನಾವುದಾದರೂ ಉಪಕರಣವನ್ನೋ ಸಿಕ್ಕಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಆದರೆ ಇದನ್ನು ಮಾಡದೆಯೇ ಹತ್ತು ಮೈಲಿ ದೂರದ ಪಟ್ಟಣಕ್ಕೆ ಯಂತ್ರವನ್ನು ಹೊತ್ತೊಯ್ದವರಿದ್ದಾರೆ. ಅನಂತರ ಅಡಾಪ್ಟರ್. ಅದಕ್ಕೆ ದೀಪವಿದ್ದರೆ, ಲ್ಯಾಪ್‌ಟಾಪಿನಿಂದ ಬೇರ್ಪಡಿಸಿದಾಗ ಬೆಳಗಿ, ಸಿಕ್ಕಿಸಿದೊಡನೆ ಆರಿಹೋಗುವುದೋ ಎಂದು ಪರೀಕ್ಷಿಸಬೇಕು. ಹಾಗೆ ಆರಿದರೆ ಒಳಗೆಲ್ಲಿಯೋ ವಿದ್ಯುತ್ತು ಅಡ್ಡಹಾದಿ ಹಿಡಿದು ಹರಿಯುತ್ತಿರುವ ಸಂಭವವಿದೆ. ಪದೇಪದೇ ಪ್ರಯತ್ನಿಸುವುದು ಸಲ್ಲದು. ಅಡಾಪ್ಟರಿನ ಬೆನ್ನಿನ ಮೇಲೆ ಅಚ್ಚಾದ ಚೀಟಿಯನ್ನು ಓದುವ ಅಭ್ಯಾಸವನ್ನು ನಮ್ಮ ಜನ ಬೆಳೆಸಿಕೊಂಡಿಲ್ಲ. ಅಲ್ಲಿ ೧೯.೫ ವೋಲ್ಟ್, ೩.೩೪ ಆಂಪಿಯರ್ ಎಂದಿದ್ದರೆ, ಎರಡನ್ನೂ ಗುಣಿಸಲು ಸುಮಾರು ೬೫ ವಾಟ್ ಆಗುತ್ತದೆ. ನೆರೆಮನೆಯ ಅಡಾಪ್ಟರನ್ನು ತಂದು ಪರೀಕ್ಷಿಸುವುದಾದರೆ ವೋಲ್ಟ್ ಒಂದೇ ಆಗಿರಬೇಕು, ಮುಳ್ಳಿನ ಗಾತ್ರ ಹೊಂದಬೇಕು, ಧನ ಋಣ ಧ್ರುವಗಳ ಚಿತ್ರ ಒಂದೇ ರೀತಿ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ಬಾಧಕವಿಲ್ಲ. ಯಂತ್ರವು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕೆಲವು ತಯಾರಕರ ಅಡಾಪ್ಟರಿನ ನಡುವೆ ಕೂದಲಿನಂತಹ ಒಂದು ಸಣ್ಣ ಕಡ್ಡಿ ಇರುತ್ತದೆ. ಇದು ಅಡಾಪ್ಟರು ಯಾವ ಶಕ್ತಿಯದೆಂದು ಯಂತ್ರಕ್ಕೆ ತಿಳಿಸುವ ಗುರುತಿನ ಕಡ್ಡಿ. ಅದು ಬಾಗಿದ್ದರೆ ಅಡಾಪ್ಟರ್ ಸರಿಯಿದ್ದರೂ ಬ್ಯಾಟರಿ ತುಂಬದು.

ಹೊಸ ಯಂತ್ರಗಳಲ್ಲಿ ದುಂಡು ಮುಳ್ಳಿಗೆ ಬದಲಾಗಿ ಯುಎಸ್‌ಬಿ ಸಿ ಎಂಬ ಚಪ್ಪಟೆಯಾದ ಕಿಂಡಿ ಬಂದಿದೆ. ನೋಡಲು ಮೊಬೈಲಿನ ಕಿಂಡಿಯಂತೆಯೇ ಇರುವುದರಿಂದ ಇಲ್ಲಿ ಗೊಂದಲ ಹೆಚ್ಚು. ಈ ಪದ್ಧತಿಯಲ್ಲಿ ಅಡಾಪ್ಟರಿಗೂ ಯಂತ್ರಕ್ಕೂ ಮೊದಲು ಒಂದು ಸಂವಾದ ನಡೆಯುತ್ತದೆ. ೫, ೯, ೧೫, ೨೦ ವೋಲ್ಟ್‌ಗಳಲ್ಲಿ ಯಾವುದನ್ನು ಕೊಡಬಲ್ಲೆನೆಂದು ಅಡಾಪ್ಟರು ಹೇಳಬೇಕು, ತನಗೆ ಯಾವುದು ಬೇಕೆಂದು ಯಂತ್ರ ಕೇಳಬೇಕು. ಒಪ್ಪಂದವಾಗದಿದ್ದರೆ ೫ ವೋಲ್ಟ್‌ಗಿಂತ ಹೆಚ್ಚಿನದು ಹರಿಯುವುದಿಲ್ಲ; ಅಷ್ಟರಿಂದ ಲ್ಯಾಪ್‌ಟಾಪ್ ಏಳುವುದಿಲ್ಲ. ೧೮ ವಾಟಿನ ಮೊಬೈಲ್ ಚಾರ್ಜರನ್ನು ಸಿಕ್ಕಿಸಿ, ೬೫ ವಾಟ್ ಬೇಡುವ ಯಂತ್ರವು ಸತ್ತಿತೆಂದು ತೀರ್ಮಾನಿಸುವುದು ಎತ್ತಿಗೆ ಒಂದು ಹಿಡಿ ಹುಲ್ಲು ಹಾಕಿ ರಂಟೆಗೆ ಕಟ್ಟಿದಂತೆ. ಇದೇ ಆಕಾರದ ಎರಡು ಕಿಂಡಿಗಳಿದ್ದರೆ ಒಂದು ಮಾತ್ರ ವಿದ್ಯುತ್ತನ್ನು ಸ್ವೀಕರಿಸುವಂತಹುದು ಇರಬಹುದು. ಕಿಂಡಿಯ ಪಕ್ಕದ ಚಿಹ್ನೆಯನ್ನು ನೋಡಬೇಕು, ಎರಡರಲ್ಲಿಯೂ ಪರೀಕ್ಷಿಸಬೇಕು, ತಂತಿಯನ್ನೂ ಒಮ್ಮೆ ಬದಲಿಸಬೇಕು.

ಲೋಹದ ಮೈಯುಳ್ಳ ಲ್ಯಾಪ್‌ಟಾಪನ್ನು ಮುಟ್ಟಿದಾಗ ಬೆರಳಿಗೆ ಜುಂ ಎನ್ನುವ ಅನುಭವವಾಗುತ್ತದೆಂದು ಹಲವರು ಹೇಳುವುದುಂಟು. ಮೂರು ಮುಳ್ಳಿನ ಪ್ಲಗ್ಗಿನಲ್ಲಿ ಉದ್ದವೂ ದಪ್ಪವೂ ಆದ ಮುಳ್ಳು ಭೂಸಂಪರ್ಕಕ್ಕಾಗಿ ಇರುವಂತಹುದು. ಮನೆಯ ಭೂಸಂಪರ್ಕ ಸರಿಯಿಲ್ಲದಿದ್ದರೆ ಅಥವಾ ಎರಡೇ ಮುಳ್ಳಿನ ಅಡಾಪ್ಟರ್ ಆಗಿದ್ದರೆ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಹೀಗೆ ಸೋರುತ್ತದೆ. ಇದು ಪ್ರಸ್ತುತ ವಿಷಯಕ್ಕೆ ಹೊರಗಿನದೆನಿಸಿದರೂ, ಹಾಗೆ ಜುಂ ಎನ್ನುವ ಮನೆಯಲ್ಲಿ ಭೂಸಂಪರ್ಕವನ್ನು ಪರೀಕ್ಷೆ ಮಾಡಿಸುವುದು ಲ್ಯಾಪ್‌ಟಾಪಿಗಿಂತ ಮನೆಯ ಮಕ್ಕಳ ದೃಷ್ಟಿಯಿಂದ ಅವಶ್ಯಕ.

ಬ್ಯಾಟರಿಯ ಸ್ವಭಾವ

ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆಯು ೧೯೯೧ರಲ್ಲಿ ಮೊದಲಿಗೆ ಮಾರುಕಟ್ಟೆಗೆ ತಂದಿತು. ಇದರ ಹಿಂದಿನ ಶೋಧನೆಗಾಗಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಈ ಬ್ಯಾಟರಿಯು ಸಂಪೂರ್ಣವಾಗಿ ಬರಿದಾಗುವುದನ್ನು ಸಹಿಸುವುದಿಲ್ಲ. ಬಳಸದೆ ತಿಂಗಳುಗಟ್ಟಲೆ ಕಪಾಟಿನಲ್ಲಿ ಇಟ್ಟರೆ ತಾನಾಗಿಯೇ ಸ್ವಲ್ಪಸ್ವಲ್ಪ ಬರಿದಾಗುತ್ತ, ಒಂದು ಹಂತಕ್ಕಿಂತ ಕೆಳಗಿಳಿದಾಗ ಅದರೊಳಗಿನ ರಕ್ಷಣಾ ವ್ಯವಸ್ಥೆಯು ಸಂಪರ್ಕವನ್ನು ಕಡಿದುಹಾಕುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸರ್ಕಾರ ಹಂಚಿದ ಲ್ಯಾಪ್‌ಟಾಪ್‌ಗಳು ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿವೆ. ಓದು ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಅಂತಹ ಯಂತ್ರವನ್ನು ತಮ್ಮನಿಗಾಗಿಯೋ ತಂಗಿಗಾಗಿಯೋ ಹೊರತೆಗೆದಾಗ ಅದು ಏಳದಿದ್ದರೆ ಆಶ್ಚರ್ಯವಿಲ್ಲ. ಅಡಾಪ್ಟರನ್ನು ಸಿಕ್ಕಿಸಿ, ಗುಂಡಿಯನ್ನು ಮುಟ್ಟದೆ, ಒಂದು ಗಂಟೆಯವರೆಗೆ ಕಣ್ಣಳತೆಯಲ್ಲಿಯೇ ಇರಿಸಿಕೊಂಡು ನೋಡಬೇಕು. ಅನೇಕ ಯಂತ್ರಗಳು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತವೆ.

ಆದರೆ ಒಂದು ಎಚ್ಚರಿಕೆ. ಕೆಳಗಿನ ತಗಡು ಉಬ್ಬಿದ್ದರೆ, ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಬ್ಯಾಟರಿಯು ಊದಿಕೊಂಡಿದೆಯೆಂದು ಅರ್ಥ. ಅಂತಹ ಯಂತ್ರಕ್ಕೆ ವಿದ್ಯುತ್ತನ್ನು ಕೊಡಲೇಕೂಡದು. ಉಬ್ಬನ್ನು ಒತ್ತುವುದು, ಚುಚ್ಚುವುದು, ಮನೆಯಲ್ಲಿ ಬಿಚ್ಚಲು ಹವಣಿಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಹಾಸಿಗೆ, ಪರದೆ, ಕಾಗದಗಳಿಂದ ದೂರವಾಗಿ ಕಲ್ಲಿನ ನೆಲದ ಮೇಲಿರಿಸಿ, ಬಲ್ಲವರಿಂದಲೇ ತೆಗೆಸಬೇಕು. ಮನೆಯ ಕಸದೊಡನೆ ಅದನ್ನು ಎಸೆಯುವಂತಿಲ್ಲ. ೨೦೨೨ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದಕ್ಕೆ ಪ್ರತ್ಯೇಕವಾದ ಮಾರ್ಗವನ್ನು ವಿಧಿಸಿವೆ.

ಬ್ಯಾಟರಿ ಊದಿಲ್ಲ, ಅಡಾಪ್ಟರು ಸರಿಯಿದೆ, ಆದರೂ ಯಂತ್ರ ಏಳುತ್ತಿಲ್ಲ ಎಂದಾದರೆ ಮಾಡಬೇಕಾದ ಒಂದು ಉಪಾಯವಿದೆ. ನೋಡಲು ಮಾಟದಂತೆ ಕಂಡರೂ ಅದಕ್ಕೆ ಶುದ್ಧವಾದ ಕಾರಣವಿದೆ. ಲ್ಯಾಪ್‌ಟಾಪಿನಲ್ಲಿ ಮುಖ್ಯ ಸಂಸ್ಕಾರಕವಲ್ಲದೆ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ಪೊಂದು ಇರುತ್ತದೆ. ಯಂತ್ರ ಮಲಗಿದ್ದಾಗಲೂ ಅದು ಎಚ್ಚರವಾಗಿರುತ್ತದೆ. ಗುಂಡಿ ಒತ್ತಿದುದನ್ನು ಗಮನಿಸುವುದು, ಬ್ಯಾಟರಿಯನ್ನು ನೋಡಿಕೊಳ್ಳುವುದು, ಬೀಸಣಿಗೆಯನ್ನು ತಿರುಗಿಸುವುದು ಅದರ ಕೆಲಸ. ವಿದ್ಯುತ್ತು ಏರಿಳಿದಾಗಲೋ, ಮಲಗಿದ್ದ ಯಂತ್ರ ಅರ್ಧ ಎಚ್ಚರಗೊಂಡು ನಿಂತಾಗಲೋ ಈ ಕಾವಲುಗಾರನೇ ಮಂಕಾಗಿ ಸಿಕ್ಕಿಕೊಳ್ಳುತ್ತಾನೆ. ಆಗ ಬಾಗಿಲನ್ನು ಎಷ್ಟು ತಟ್ಟಿದರೂ ತೆರೆಯುವವರಿಲ್ಲ. ಅಡಾಪ್ಟರನ್ನು ಕಿತ್ತು, ಮೌಸು, ಪೆನ್‌ಡ್ರೈವ್ ಮುಂತಾಗಿ ಸಿಕ್ಕಿಸಿದುದೆಲ್ಲವನ್ನೂ ತೆಗೆದು, ಬ್ಯಾಟರಿಯು ಹೊರಗಿನಿಂದ ಕಳಚುವಂತಿದ್ದರೆ ಅದನ್ನೂ ಕಳಚಿ, ಗುಂಡಿಯನ್ನು ಅರ್ಧ ನಿಮಿಷದವರೆಗೆ ಒತ್ತಿ ಹಿಡಿಯಬೇಕು. ಒಳಗೆ ಉಳಿದ ವಿದ್ಯುತ್ತು ಬರಿದಾಗಿ ಆ ಚಿಪ್ಪು ಹೊಸದಾಗಿ ಆರಂಭಿಸುತ್ತದೆ. ಅನಂತರ ಅಡಾಪ್ಟರನ್ನು ಮಾತ್ರ ಸಿಕ್ಕಿಸಿ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಬೇಕು. ಥಿಂಕ್‌ಪ್ಯಾಡ್ ಮಾದರಿಯ ಹಲವು ಯಂತ್ರಗಳ ತಳದಲ್ಲಿ ಇದಕ್ಕಾಗಿಯೇ ಸೂಜಿಮೊನೆಯಷ್ಟು ರಂಧ್ರವೊಂದಿದೆ. ಕಾಗದದ ಪಿನ್ನನ್ನು ನೆಟ್ಟಗೆ ಮಾಡಿ ಅದರೊಳಗೆ ಒತ್ತುವರು. ಖರ್ಚಿಲ್ಲದ ಈ ಉಪಾಯವನ್ನು ಮಾಡದೆ ಯಾವ ಯಂತ್ರವನ್ನೂ ಅಂಗಡಿಗೆ ಒಯ್ಯಬಾರದೆಂಬುದು ನನ್ನ ಅಭಿಪ್ರಾಯ.

ಪರದೆ ಮಾತ್ರ ಕತ್ತಲಾಗಿದ್ದರೆ

ಧಾರವಾಡದ ಕಡೆಯ ನಿವೃತ್ತ ಮಾಸ್ತರರೊಬ್ಬರು ಹನ್ನೊಂದು ವರ್ಷ ಊರೂರು ತಿರುಗಿ, ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನೂ ಗಾದೆಗಳನ್ನೂ ಬರೆದುಕೊಂಡು ನುಡಿ ತಂತ್ರಾಂಶದಲ್ಲಿ ತಾವೇ ಬೆರಳಚ್ಚು ಮಾಡಿದ್ದರು. ಹಾಡಿದವರಲ್ಲಿ ಹಲವರು ಈಗಿಲ್ಲ. ಒಂದು ದಿನ ಅವರ ಲ್ಯಾಪ್‌ಟಾಪಿನ ಪರದೆ ಕತ್ತಲಾಯಿತು. ಪಟ್ಟಣದ ಅಂಗಡಿಯೊಂದರಲ್ಲಿ ಐದು ನಿಮಿಷ ನೋಡಿ, ಮದರ್‌ಬೋರ್ಡ್ ಸುಟ್ಟಿದೆ, ದುರಸ್ತಿಗೆ ಹಾಕುವ ಹಣಕ್ಕೆ ಹೊಸದೇ ಬರುತ್ತದೆ, ಹಳೆಯದನ್ನು ನಮಗೇ ಕೊಟ್ಟರೆ ಒಂದಿಷ್ಟು ಮುರಿದುಕೊಳ್ಳುತ್ತೇವೆ ಎಂದು ಹೇಳಿದರಂತೆ. ಮಾಸ್ತರರು ಕೊಟ್ಟುಬಿಡುವವರೇ ಇದ್ದರು. ಡಿಪ್ಲೊಮಾ ಓದುತ್ತಿದ್ದ ಮೊಮ್ಮಗಳು ಬಿಡಲಿಲ್ಲ. ಯಂತ್ರವನ್ನು ಮನೆಗೆ ತರಿಸಿ, ಟಿ.ವಿ.ಯ ಎಚ್‌ಡಿಎಮ್‌ಐ ತಂತಿಯನ್ನು ಅದಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. ಮೂವತ್ತೆರಡು ಅಂಗುಲದ ಪರದೆಯ ಮೇಲೆ ಹಾಡುಗಳ ಕಡತವೆಲ್ಲ ಮೂಡಿತು. "ಅಜ್ಜಾ, ಇದು ಸತ್ತಿಲ್ಲರಿ, ಬರೇ ಕಣ್ಣ ಹೋಗ್ಯಾವ" ಎಂದಳಂತೆ. ಕೀಲಿನ ಬಳಿ ಮುಚ್ಚಳ ತೆರೆದು ಮುಚ್ಚುವಾಗ ಸವೆಯುವ ತೆಳುವಾದ ತಂತಿಪಟ್ಟಿಯೊಂದು ಹರಿದಿತ್ತು. ಬೇರೆಡೆ ಅದನ್ನು ಬದಲಿಸಿದರು.

ಈ ಟಿ.ವಿ. ಪರೀಕ್ಷೆಯು ಪರದೆಯ ದೋಷವನ್ನು ಯಂತ್ರದ ದೋಷದಿಂದ ಬೇರ್ಪಡಿಸುವ ಅತ್ಯಂತ ನಿಶ್ಚಿತವಾದ ಮಾರ್ಗ. ತಂತಿ ಸಿಕ್ಕಿಸಿದ ಮೇಲೆ ವಿಂಡೋಸ್ ಕೀಲಿಯೊಡನೆ ಪಿ ಅಕ್ಷರವನ್ನು ಒತ್ತಿದರೆ ಬಿಂಬವನ್ನು ಎಲ್ಲಿ ತೋರಿಸಬೇಕೆಂಬ ಆಯ್ಕೆ ಬರುತ್ತದೆ. ಕೆಲವೊಮ್ಮೆ ಯಾವ ದೋಷವೂ ಇಲ್ಲದೆ, ಬೆಳಕನ್ನು ಇಳಿಸುವ ಕೀಲಿಯನ್ನು ಮಗುವೊಂದು ಒತ್ತಿದ್ದರಿಂದಲೂ ಪರದೆ ಕಪ್ಪಾಗಿ ಕಾಣಬಹುದು. ಚಿತ್ರಗಳನ್ನು ಮೂಡಿಸುವ ತಂತ್ರಾಂಶವೇ ಸಿಕ್ಕಿಕೊಂಡಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರರ ಜೊತೆಗೆ ಬಿ ಅಕ್ಷರವನ್ನು ಒತ್ತಬೇಕು. ಒಂದು ಸಣ್ಣ ಸದ್ದಾಗಿ ಅದು ಪುನಃ ಆರಂಭವಾಗುತ್ತದೆ.

ಇನ್ನೊಂದು ಪರೀಕ್ಷೆಗೆ ಕತ್ತಲೆಯ ಕೋಣೆಯೂ ಒಂದು ಬ್ಯಾಟರಿ ದೀಪವೂ ಸಾಕು. ಎಲ್‌ಸಿಡಿ ಪರದೆಯು ಸ್ವತಃ ಬೆಳಕನ್ನು ಸೂಸುವಂತಹುದಲ್ಲ. ಅದರ ಹಿಂದೆ ಹಚ್ಚಿದ ದೀಪದ ಬೆಳಕು ಅದರ ಮೂಲಕ ಹಾದು ಬರುತ್ತದೆ. ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ದೀಪ ಆರಿದರೂ ಗೊಂಬೆಗಳು ಅಲ್ಲಿಯೇ ಇರುತ್ತವೆ. ಯಂತ್ರವನ್ನು ಚಾಲೂ ಮಾಡಿ ಪರದೆಗೆ ಓರೆಯಾಗಿ ದೀಪವನ್ನು ಬಿಟ್ಟಾಗ ಮಸುಕುಮಸುಕಾಗಿ ಅಕ್ಷರಗಳು ಕಂಡರೆ, ಕೆಟ್ಟಿರುವುದು ಹಿಂಬದಿಯ ದೀಪ ಅಥವಾ ಅದಕ್ಕೆ ವಿದ್ಯುತ್ತನ್ನೊಯ್ಯುವ ಭಾಗವೆಂದು ನಿಶ್ಚಯಿಸಬಹುದು. ಡೆಲ್ ಕಂಪನಿಯ ಯಂತ್ರಗಳಲ್ಲಿ ಡಿ ಅಕ್ಷರವನ್ನು ಒತ್ತಿ ಹಿಡಿದು ಚಾಲೂ ಮಾಡಿದರೆ ಪರದೆಯು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ತಾನೇ ತೋರಿಸುತ್ತದೆ. ಬಣ್ಣ ಬಂದರೆ ಪರದೆ ನಿರ್ದೋಷಿ.

ದೀಪ ಬೆಳಗಿ, ಬೀಸಣಿಗೆ ತಿರುಗಿ, ಟಿ.ವಿ.ಯಲ್ಲಿಯೂ ಏನೂ ಬಾರದಿದ್ದರೆ ಸಂಶಯವು ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯ ಕಡೆಗೆ ತಿರುಗುತ್ತದೆ. ಯಂತ್ರವು ಏಳುವಾಗ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ದೋಷ ಕಂಡರೆ ಕೀರಲು ಧ್ವನಿಯಿಂದಲೋ ದೀಪವನ್ನು ಇಂತಿಷ್ಟು ಸಲ ಮಿಟುಕಿಸಿಯೋ ತಿಳಿಸುತ್ತದೆ. ಆ ಎಣಿಕೆಗೆ ಅರ್ಥವಿದೆ, ತಯಾರಕರ ಕೈಪಿಡಿಯಲ್ಲಿ ಅದರ ಕೋಷ್ಟಕವಿರುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ದುರಸ್ತಿಯವನಿಗೆ ತೋರಿಸಿದರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ರ‍್ಯಾಮ್ ತುಣುಕು ತನ್ನ ಗೂಡಿನಲ್ಲಿ ಸಡಿಲವಾಗಿದ್ದರೆ ಅದನ್ನು ತೆಗೆದು ಮತ್ತೆ ಭದ್ರವಾಗಿ ಕೂರಿಸುವುದರಿಂದಲೇ ಯಂತ್ರ ಏಳುವುದುಂಟು. ಹಿಂಬದಿಯನ್ನು ಬಿಚ್ಚಿ ಅಭ್ಯಾಸವಿದ್ದವರು, ಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಿ ಇದನ್ನು ಮಾಡಬಹುದು, ಉಳಿದವರು ಮಾಡಬಾರದು. ತೆಳುವಾದ ಅನೇಕ ಯಂತ್ರಗಳಲ್ಲಿ ಅದನ್ನು ಬೆಸುಗೆ ಹಾಕಿಯೇ ಬಿಟ್ಟಿರುವುದರಿಂದ ಮಾಡುವಂತೆಯೂ ಇಲ್ಲ. ಡಿಡಿಆರ್ ೫ ಜಾತಿಯ ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಪರದೆಯು ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಬಯಾಸ್ ನವೀಕರಣ ನಡೆಯುವಾಗಲೂ ಹಾಗೆಯೇ. ಅಂತಹ ವೇಳೆ ತಾಳ್ಮೆಗೆಟ್ಟು ವಿದ್ಯುತ್ತನ್ನು ಕಿತ್ತರೆ ಚೆನ್ನಾಗಿದ್ದ ಯಂತ್ರ ಕೆಡುತ್ತದೆ.

ಚಹಾ ಚೆಲ್ಲಿದ ಯಂತ್ರದ ವಿಷಯ ಇಷ್ಟೇ: ಕೂಡಲೇ ವಿದ್ಯುತ್ತನ್ನು ತಪ್ಪಿಸಬೇಕು, ಕವುಚಿ ಇಡಬೇಕು, ಚಾಲೂ ಮಾಡಿ ನೋಡುವ ಚಪಲವನ್ನು ತಡೆಯಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ಚಹಾದ ಸಕ್ಕರೆಯನ್ನು ಅಕ್ಕಿಯು ಹೀರುವುದಿಲ್ಲ.

ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ

ಇಷ್ಟಾದರೂ ಏಳದ ಯಂತ್ರಕ್ಕೆ ದುರಸ್ತಿಯವನೇ ಗತಿ. ಆಗ ಮನೆಯವರು ಮೊದಲು ಆಡಬೇಕಾದ ಮಾತು, ಯಂತ್ರ ಹೇಗಾದರೂ ಆಗಲಿ, ಒಳಗಿನ ಸಂಗ್ರಹವನ್ನು ಫಾರ್ಮ್ಯಾಟ್ ಮಾಡಕೂಡದು ಎಂಬುದು. ಇದನ್ನು ಬಾಯಿಮಾತಿನಲ್ಲಿ ಹೇಳಿ ಬರದೆ ರಸೀದಿಯ ಮೇಲೆ ಬರೆಸಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದುದನ್ನು ಮರಳಿ ಪಡೆಯುವ ಅವಕಾಶ ಸ್ವಲ್ಪವಾದರೂ ಇತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಸ್ಥಳವನ್ನು ಯಂತ್ರವೇ ತೊಳೆದಿಡುವುದರಿಂದ ಆ ಅವಕಾಶ ಇಲ್ಲವೆಂದೇ ಹೇಳಬೇಕು. ಮದರ್‌ಬೋರ್ಡ್ ನಿಜವಾಗಿಯೂ ಸುಟ್ಟಿದ್ದರೂ, ಬಹುತೇಕ ಯಂತ್ರಗಳಲ್ಲಿ ಎಸ್‌ಎಸ್‌ಡಿಯು ಒಂದೇ ತಿರುಪಿನಿಂದ ಹಿಡಿದಿಟ್ಟ ಸಣ್ಣ ಪಟ್ಟಿ. ಅದನ್ನು ತೆಗೆದು, ಹೊರಗಿನಿಂದ ಯುಎಸ್‌ಬಿ ಮೂಲಕ ಜೋಡಿಸುವ ಪೆಟ್ಟಿಗೆಯಲ್ಲಿ ಹಾಕಿದರೆ ಬೇರೊಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಓದಬಹುದು. ಇಂತಹ ಪೆಟ್ಟಿಗೆಗಳು ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಯಲ್ಲಿ ಯಥೇಚ್ಛವಾಗಿ ದೊರೆಯುತ್ತವೆ.

ಆದರೆ ಇಲ್ಲಿ ಟ್ರಂಕಿನ ಕೀಲಿಯನ್ನು ಹೋಲುವ ಒಂದು ತೊಡಕಿದೆ. ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪಿಯ ರಕ್ಷಣೆಯಿರುತ್ತದೆ. ೨೦೨೪ರಲ್ಲಿ ಬಂದ ವಿಂಡೋಸ್ ೧೧ರ ೨೪ಎಚ್೨ ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಡನೆ ಹೊಸದಾಗಿ ಸ್ಥಾಪಿಸಿದರೆ ಇಂತಹ ರಕ್ಷಣೆಯು ಬಳಸುವವರ ಗಮನಕ್ಕೂ ಬಾರದಂತೆ ತಾನಾಗಿಯೇ ಜಾರಿಗೆ ಬರುತ್ತದೆ. ಎಸ್‌ಎಸ್‌ಡಿಯನ್ನು ಬೇರೆಡೆ ಜೋಡಿಸಿದಾಗ, ಅಥವಾ ಮದರ್‌ಬೋರ್ಡ್ ಬದಲಿಸಿದಾಗ, ೪೮ ಅಂಕಿಗಳ ಕೀಲಿಸಂಖ್ಯೆಯನ್ನು ಅದು ಕೇಳುತ್ತದೆ. ಸಾಮಾನ್ಯವಾಗಿ ಆ ಸಂಖ್ಯೆಯು ಯಂತ್ರದ ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಯನ್ನು ಅಂಗಡಿಯ ಹುಡುಗನೇ ತನ್ನ ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿದ್ದರೆ, ಅದರ ಗುಪ್ತಪದ ಮನೆಯಲ್ಲಿ ಯಾರಿಗೂ ತಿಳಿಯದಿದ್ದರೆ, ಬರಹಗಳು ಭದ್ರವಾಗಿಯೇ ಇದ್ದು ಯಾರ ಕೈಗೂ ಸಿಗದಂತಾಗುತ್ತವೆ. ಯಂತ್ರವು ಆರೋಗ್ಯವಾಗಿರುವಾಗಲೇ ಆ ೪೮ ಅಂಕಿಗಳನ್ನು ಕಾಗದದ ಮೇಲೆ ಬರೆದು ಉತಾರ, ಅಂಕಪಟ್ಟಿಗಳ ಜೊತೆಗೆ ಇಡಬೇಕು. ೨೦೨೦ರಿಂದೀಚೆಗೆ ಬಂದ ಆಪಲ್ ಕಂಪನಿಯ ಎಂ ಸರಣಿಯ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹವನ್ನು ಬೋರ್ಡಿಗೇ ಬೆಸೆದಿರುವುದರಿಂದ ಬಿಚ್ಚಿ ಒಯ್ಯುವ ಈ ದಾರಿಯೂ ಮುಚ್ಚಿದೆ. ಅಂತಹ ಯಂತ್ರದಲ್ಲಿ ಬರೆಯುವವರು ವಾರಕ್ಕೊಮ್ಮೆಯಾದರೂ ಹೊರಗಿನ ಡಿಸ್ಕಿಗೆ ನಕಲು ತೆಗೆಯದೆ ನಿರ್ವಾಹವಿಲ್ಲ.

ದುರಸ್ತಿಗೆ ಕೊಡುವಾಗ ಪರೀಕ್ಷೆಯ ಶುಲ್ಕವೆಷ್ಟೆಂದು ಮೊದಲೇ ಕೇಳಿ ತಿಳಿಯಬೇಕು. ಯಾವ ಪರೀಕ್ಷೆ ಮಾಡಿ ಮದರ್‌ಬೋರ್ಡ್ ಕೆಟ್ಟಿದೆಯೆಂದು ನಿಶ್ಚಯಿಸಿದಿರೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಕೆಲಸ ಬಲ್ಲವನು ಸಂತೋಷದಿಂದ ವಿವರಿಸುತ್ತಾನೆ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಡಿಸೆಂಬರ್ ೨೪ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ದುರಸ್ತಿಯ ಹಕ್ಕಿಗಾಗಿ ಪ್ರತ್ಯೇಕ ಜಾಲತಾಣವನ್ನು ಆರಂಭಿಸಿತು. ಕಂಪನಿಗಳ ಕೈಪಿಡಿಗಳು, ಖಾತರಿ ಹಾಗೂ ಬಿಡಿಭಾಗಗಳ ಮಾಹಿತಿ ಒಂದೆಡೆ ಸಿಗಲೆಂಬುದು ಅದರ ಉದ್ದೇಶ. ಸೇವೆಯಲ್ಲಿ ಮೋಸವಾದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರನ್ನು ದಾಖಲಿಸಬಹುದು. ಇನ್ನು ಯಂತ್ರ ದುರಸ್ತಿಯಾಗದೆಂದೇ ತೀರ್ಮಾನವಾಗಿ ಹಳೆಯದನ್ನು ವಿನಿಮಯಕ್ಕೆ ಕೊಡುವುದಾದರೆ, ಎಸ್‌ಎಸ್‌ಡಿಯನ್ನು ಕಣ್ಣೆದುರಿಗೇ ಬಿಚ್ಚಿಸಿ ಮನೆಗೆ ತರಬೇಕು. ಅದಿಲ್ಲದಿದ್ದರೆ ವಿನಿಮಯದ ಬೆಲೆ ತುಸು ತಗ್ಗುತ್ತದೆ, ತಗ್ಗಲಿ.